ಅನಾಥರ ತಂದೆಯಾದ ಪೆಸ್ಟಲೋಜಿಯ ಚರಿತ್ರೆ

ಎಳೆಯ ಮಕ್ಕಳಿಗೆ ಓದುಬರಹವನ್ನೂ ಲೆಕ್ಕವನ್ನೂ ಕಲಿಸುವುದು ಕಷ್ಟವಾದರೂ ಅಸಾಧ್ಯವಲ್ಲ. ಮಗ್ಗಿ ಬಂದಿದೆಯೋ ಇಲ್ಲವೋ ಎಂಬುದನ್ನು ಬಾಯಿಂದ ಹೇಳಿಸಿ ತಿಳಿಯಬಹುದು. ಕಾಗುಣಿತವನ್ನು ಹಲಗೆಯ ಮೇಲೆ ಬರೆಯಿಸಿ ನೋಡಬಹುದು. ಆದರೆ ದಯೆಯನ್ನೂ ಕೃತಜ್ಞತೆಯನ್ನೂ ಬಡವರ ವಿಷಯದಲ್ಲಿ ಕನಿಕರವನ್ನೂ ಕಲಿಸುವ ಬಗೆ ಯಾವುದು? ಕಲಿತದ್ದನ್ನು ಪರೀಕ್ಷಿಸುವ ಬಗೆ ಯಾವುದು? ದಯೆಯ ಕುರಿತಾದ ಪಾಠವನ್ನು ಒಂದಕ್ಷರವೂ ತಪ್ಪದೆ ಒಪ್ಪಿಸಿದ ಹುಡುಗಿಯೇ, ಬಿಡುವಿನ ವೇಳೆಯಲ್ಲಿ ಬುತ್ತಿಯಿಲ್ಲದೆ ಬಂದ ಜತೆಗಾತಿಗೆ ಬೆನ್ನು ತಿರುಗಿಸಿ ಕುಳಿತು ಉಣ್ಣುವುದನ್ನು ನಾವು ನೋಡಿಲ್ಲವೇ? ಈ ಪ್ರಶ್ನೆ ಉಪಾಧ್ಯಾಯಿನಿಯರಿಗೆ ಮಾತ್ರವಲ್ಲ, ಮಕ್ಕಳನ್ನು ಹೆತ್ತ ಎಲ್ಲರಿಗೂ ಸೇರಿದ್ದು. ಇದನ್ನು ತನ್ನ ಜೀವಮಾನದ ಪ್ರಶ್ನೆಯಾಗಿ ಹೊತ್ತುಕೊಂಡು, ಅದಕ್ಕಾಗಿ ಹಣವನ್ನೂ ಹೆಸರನ್ನೂ ಕಳೆದುಕೊಂಡು, ಕಡೆಯವರೆಗೂ ಕೈಬಿಡದೆ ಇದ್ದವನು ಸ್ವಿಟ್ಜರ್ಲೆಂಡಿನ ಯೋಹಾನ್ ಹೈನ್ರಿಖ್ ಪೆಸ್ಟಲೋಜಿ. ಆತನ ಚರಿತ್ರೆಯನ್ನು ಈ ಸಂಚಿಕೆಯ ವಾಚಕರಾದ ಹಳೇ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಸಂಕ್ಷೇಪವಾಗಿ ತಿಳಿಸಲು ಅಪೇಕ್ಷಿಸುತ್ತೇವೆ.

ಪೆಸ್ಟಲೋಜಿಯು 1746ನೆಯ ಇಸವಿ ಜನವರಿ 12ನೆಯ ತಾರೀಖಿನಲ್ಲಿ ಜೂರಿಚ್ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಶಸ್ತ್ರವೈದ್ಯನಾಗಿದ್ದನು. ಹುಡುಗನಿಗೆ ಐದು ವರ್ಷ ತುಂಬಿದ ಸ್ವಲ್ಪ ದಿನಗಳಲ್ಲಿಯೇ, ಅಂದರೆ 1751ರಲ್ಲಿ, ಆ ತಂದೆಯು ತೀರಿಹೋದನು. ಮರಣಶಯ್ಯೆಯಲ್ಲಿದ್ದ ಯಜಮಾನನು ಮನೆಯ ಸೇವಕಿಯಾದ ಬಾಬೆಲಿ ಎಂಬವಳನ್ನು ಬಳಿಗೆ ಕರೆದು, ತನ್ನ ಹೆಂಡತಿಮಕ್ಕಳನ್ನು ಬಿಟ್ಟುಹೋಗಬಾರದೆಂದು ಬೇಡಿಕೊಂಡನು. ಅವಳು ಮಾತು ಕೊಟ್ಟಳು. ಕೊಟ್ಟ ಮಾತಿಗೆ ತಪ್ಪದೆ ತನ್ನ ಆಯುಷ್ಯವನ್ನು ಆ ಮನೆಯಲ್ಲಿಯೇ ಸವೆಸಿದಳು. ಸಂತೆಯಲ್ಲಿ ಮಾರುವವರು ಮನೆಗೆ ಹೊರಡುವ ಹೊತ್ತನ್ನು ಕಾದು, ಆಗ ಅಗ್ಗವಾಗುವ ಕಾಯಿಪಲ್ಯವನ್ನು ಕೊಂಡು ತರುವಳು. ಬಟ್ಟೆಯೂ ಜೋಡೂ ಸವೆಯದಿರಲೆಂದು ಮಕ್ಕಳನ್ನು ಬೀದಿಗೆ ಆಡಲು ಬಿಡದಿರುವಳು. ಆದರೆ ಮನೆಯ ಮಾನವು ಉಳಿಯಬೇಕಾದ ಕಡೆಯಲ್ಲಿ, ದಾನಧರ್ಮಕ್ಕೆ ಕೊಡಬೇಕಾದಲ್ಲಿ, ಕೈ ಹಿಡಿಯುತ್ತಿರಲಿಲ್ಲ. ಓದುಬರಹವನ್ನು ಹೆಚ್ಚಾಗಿ ಅರಿಯದ ಈ ಹಳ್ಳಿಯ ಹೆಂಗಸೇ ಪೆಸ್ಟಲೋಜಿಗೆ ಕೃತಜ್ಞತೆಯ ಮೊದಲನೆಯ ಪಾಠವನ್ನು ಕಲಿಸಿದಳೆಂದರೆ ತಪ್ಪಾಗದು. ಆತನು ಮುದುಕನಾದ ಮೇಲೆಯೂ ಅವಳ ಉಪಕಾರವನ್ನು ಮರೆಯದೆ ಬರೆದಿಟ್ಟನು.

ಎರಡನೆಯ ಗುರು ಅಜ್ಜನು. ಜೂರಿಚಿಗೆ ಸಮೀಪವಾದ ಹ್ಯೊಂಗ್ ಎಂಬ ಹಳ್ಳಿಯಲ್ಲಿ ಸಭಾಪಾಲಕನಾಗಿದ್ದ ಈ ವೃದ್ಧನು ರೋಗಿಗಳನ್ನೂ ಬಡವರನ್ನೂ ನೋಡಲು ಹೋಗುವಾಗ ಮೊಮ್ಮಗನ ಕೈ ಹಿಡಿದು ಕರೆದುಕೊಂಡು ಹೋಗುವನು. ಪಟ್ಟಣದ ಬಾಲಕನು ಹಳ್ಳಿಯ ಬಡವರ ಗುಡಿಸಲೊಳಗಿನ ಕತ್ತಲೆಯನ್ನೂ ಹಸಿವನ್ನೂ ಹೀಗೆ ಕಣ್ಣಾರೆ ಕಂಡನು. ಹಳ್ಳಿಯ ಮಕ್ಕಳು ಎಳೆತನದಲ್ಲಿ ಗಟ್ಟಿಮುಟ್ಟಾಗಿದ್ದು, ನೂಲುವ ಕೂಲಿಗೂ ಅರ್ಥವಿಲ್ಲದೆ ಬಾಯಿಪಾಠ ಮಾಡಿಸುವ ಶಾಲೆಗೂ ಸೇರಿದ ಮೇಲೆ ಬಾಡಿಹೋಗುವುದನ್ನು ನೋಡಿ ಅವನ ಮನಸ್ಸು ನೊಂದಿತು. ತನ್ನ ಶಾಲೆಯಲ್ಲಿ ಅವನಾದರೋ ಜತೆಯವರ ಹಾಸ್ಯಕ್ಕೆ ಗುರಿಯಾಗಿದ್ದನು. ಕೈಕಾಲು ಚುರುಕಿಲ್ಲ, ಉಡಿಗೆತೊಡಿಗೆಯಲ್ಲಿ ಅಚ್ಚುಕಟ್ಟಿಲ್ಲ, ಯಾರು ಏನು ಹೇಳಿದರೂ ನಂಬುವ ಸ್ವಭಾವ. ಆದರೂ ಒಂದು ಸಾರಿ ಭೂಕಂಪದಿಂದ ಶಾಲೆಯ ಕಟ್ಟಡವು ನಡುಗಿ ಗುರುಶಿಷ್ಯರೆಲ್ಲರೂ ಹೊರಗೆ ಓಡಿಬಂದಾಗ, ಉಳಿದವರ ಟೊಪ್ಪಿಗಳನ್ನೂ ಪುಸ್ತಕಗಳನ್ನೂ ತರಲು ಒಳಗೆ ಹೋದವನು ಈ ಪೆದ್ದನೆನಿಸಿಕೊಂಡ ಹುಡುಗನೇ.

1769ರಲ್ಲಿ ಆತನು ಅನ್ನಾ ಶುಲ್ತೆಸ್ ಎಂಬಾಕೆಯನ್ನು ಮದುವೆಯಾದನು. ಆಕೆ ಧನಿಕರ ಮಗಳು. ಗಂಡನಿಗಿಂತ ಎಂಟು ವರ್ಷ ದೊಡ್ಡವಳು. ಬೇಸಾಯದಿಂದ ಬಡವರಿಗೆ ದಾರಿ ತೋರಿಸಬೇಕೆಂಬ ಹಂಬಲದಿಂದ ಪೆಸ್ಟಲೋಜಿಯು ಬಿರ್ ಎಂಬ ಹಳ್ಳಿಯ ಹತ್ತಿರ ಭೂಮಿಯನ್ನು ಕೊಂಡು, ಮನೆ ಕಟ್ಟಿ, ಅದಕ್ಕೆ ಹೊಸ ತೋಟವೆಂಬ ಅರ್ಥ ಬರುವಂತೆ ನಾಯ್‌ಹೋಫ್ ಎಂದು ಹೆಸರಿಟ್ಟನು. ಭೂಮಿ ಫಲಿಸಲಿಲ್ಲ, ಸಾಲ ಬೆಳೆಯಿತು. ಬೇರೆಯವನಾಗಿದ್ದರೆ ಆಗ ಬಾಗಿಲು ಮುಚ್ಚಿ ತನ್ನ ಹೊಟ್ಟೆಪಾಡನ್ನು ನೋಡಿಕೊಳ್ಳುತ್ತಿದ್ದನು. ಈತನು 1774ರಲ್ಲಿ ಬೀದಿಯಲ್ಲಿ ತಿರಿಯುತ್ತಿದ್ದ ಮಕ್ಕಳನ್ನು ಅದೇ ಮನೆಗೆ ಕರೆತಂದನು. ಅವರೊಡನೆ ಉಂಡನು, ಹೊಲದಲ್ಲಿ ದುಡಿಯುವುದನ್ನೂ ಹತ್ತಿ ನೂಲುವುದನ್ನೂ ನೇಯುವುದನ್ನೂ ಕಲಿಸಿದನು, ಕೈ ಕೆಲಸದಲ್ಲಿರುವಾಗಲೇ ಓದುವುದನ್ನೂ ಲೆಕ್ಕವನ್ನೂ ಹೇಳಿಕೊಟ್ಟನು. ಆದರೆ ಹೊಸ ಬಟ್ಟೆ ಮೈಮೇಲೆ ಬಂದ ಕೂಡಲೇ ಕೆಲವು ತಾಯಿತಂದೆಗಳು ಬಂದು ಮಕ್ಕಳನ್ನು ಕರೆದುಕೊಂಡು ಹೋಗುವರು. ನೂಲಿನ ವ್ಯಾಪಾರದಲ್ಲಿ ನಷ್ಟವಾಯಿತು. 1780ರಲ್ಲಿ ಆ ಮನೆಯನ್ನು ಮುಚ್ಚಬೇಕಾಯಿತು. ಅನ್ನಾಳ ಆಸ್ತಿಯ ಬಹುಭಾಗವೂ ಅದರೊಡನೆ ಹೋಯಿತು. ನೆರೆಯವರು ನಕ್ಕರು, ಸ್ನೇಹಿತರು ದೂರವಾದರು.

ಈ ಕಷ್ಟದ ಕಾಲದಲ್ಲಿ ಎಲಿಸಬೆತ್ ನೇಫ್ ಎಂಬ ಸೇವಕಿಯು ತಾನಾಗಿ ಬಂದು ಆ ಮನೆಯನ್ನು ಹಸನುಮಾಡಿದಳು. ಬಾಬೆಲಿಯ ಹಾಗೆ ಇವಳೂ ಪೆಸ್ಟಲೋಜಿಯ ಜೀವನಕ್ಕೆ ಆಧಾರವಾದಳು. ಸ್ತ್ರೀಯರ ಕೈಯಲ್ಲಿರುವ ಶಕ್ತಿ ಎಂಥದೆಂಬುದನ್ನು ಅರಿತ ಆತನು 1781ರಲ್ಲಿ ಲೀನ್‌ಹಾರ್ಟ್ ಮತ್ತು ಗೆರ್ಟ್ರೂಡ್ ಎಂಬ ಕಥೆಯ ಮೊದಲನೆಯ ಭಾಗವನ್ನು ಪ್ರಕಟಿಸಿದನು. ಕುಡಿತಕ್ಕೆ ಬಿದ್ದ ಗಾರೆಕೆಲಸದವನ ಹೆಂಡತಿಯಾದ ಗೆರ್ಟ್ರೂಡಳು ತನ್ನ ಮನೆಯನ್ನೂ ಕ್ರಮೇಣ ಊರನ್ನೂ ತಿದ್ದಿದ ಕಥೆಯಿದು. ಅದರಲ್ಲಿ ನೆರೆಮನೆಯ ಬಡ ಹುಡುಗನು ಹಸಿವು ತಾಳಲಾರದೆ ಅವಳ ಆಲೂಗೆಡ್ಡೆಗಳನ್ನು ಕದಿಯುತ್ತಾನೆ. ಅವಳು ಅವನನ್ನು ಕ್ಷಮಿಸುತ್ತಾಳೆ. ಅಷ್ಟೇ ಅಲ್ಲ, ಅವಳ ಮಕ್ಕಳು ತಮ್ಮ ಪಾಲಿನ ರೊಟ್ಟಿಯನ್ನು ಆ ಮನೆಯ ಮಕ್ಕಳಿಗೆ ಕೊಡುತ್ತಾರೆ. ತಾಯಿಯ ಹತ್ತಿರ ಬೇರೆ ರೊಟ್ಟಿಯನ್ನು ಕೇಳಿ ಕೊಟ್ಟದ್ದಲ್ಲ, ತಾವು ತಿನ್ನಬೇಕಾದದ್ದನ್ನು ಕೊಟ್ಟದ್ದು. ಈ ಭೇದವನ್ನು ನಮ್ಮ ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಪುಸ್ತಕದಿಂದ ಆತನ ಕೀರ್ತಿ ಹಬ್ಬಿತು. 1792ರಲ್ಲಿ ಫ್ರಾನ್ಸಿನ ರಾಜ್ಯಸಭೆಯು ವಾಷಿಂಗ್ಟನ್ ಮೊದಲಾದವರೊಡನೆ ಆತನಿಗೂ ಗೌರವದ ನಾಗರಿಕ ಪದವಿಯನ್ನು ಕೊಟ್ಟಿತು. ಆದರೆ ಕೀರ್ತಿಯಿಂದ ಆತನಿಗೆ ತೃಪ್ತಿಯಾಗಲಿಲ್ಲ. ಮಕ್ಕಳ ನಡುವೆ ಕೆಲಸ ಮಾಡಬೇಕೆಂಬ ಒಂದೇ ಆಶೆ.

ಆ ಆಶೆ ಕೈಗೂಡಿದ್ದು ಬಹು ದುಃಖದ ಸಂದರ್ಭದಲ್ಲಿ. 1798ನೆಯ ಇಸವಿ ಸೆಪ್ಟೆಂಬರ್ ತಿಂಗಳಿನಲ್ಲಿ ಫ್ರೆಂಚ್ ಸೈನ್ಯವು ಸ್ಟಾನ್ಸ್ ಎಂಬ ಊರಿನ ಪ್ರಾಂತವನ್ನು ಸುಟ್ಟು ಸೂರೆಮಾಡಿತು. ನೂರಾರು ಜನರು ಸತ್ತರು; ಬಹುಮಂದಿ ಮಕ್ಕಳು ದಿಕ್ಕಿಲ್ಲದವರಾದರು. ಹೊಸ ಸರಕಾರದವರು ಅಲ್ಲಿನ ಕನ್ಯಾಸ್ತ್ರೀಯರ ಮಠದ ಒಂದು ಭಾಗದಲ್ಲಿ ಅನಾಥಶಾಲೆಯನ್ನಿಟ್ಟು ಪೆಸ್ಟಲೋಜಿಯನ್ನು ಅದಕ್ಕೆ ನೇಮಿಸಿದರು. ಆಗ ಆತನಿಗೆ 52 ವರ್ಷ ವಯಸ್ಸು. ಸಹಾಯಕ್ಕೆ ಅಡಿಗೆಮನೆಯನ್ನು ನೋಡಿಕೊಳ್ಳುವ ಒಬ್ಬ ಹೆಂಗಸು ಮಾತ್ರ. ಕಟ್ಟಡದ ಕೆಲಸ ಮುಗಿದಿರಲಿಲ್ಲ. ಗೋಡೆಯ ಧೂಳು ಎಲ್ಲೆಲ್ಲಿಯೂ ತುಂಬಿತ್ತು. 1799ರ ಜನವರಿಯಲ್ಲಿ ಮಕ್ಕಳು ಬರತೊಡಗಿದರು. ಮೈತುಂಬ ಕಜ್ಜಿ, ತಲೆತುಂಬ ಹುಣ್ಣು, ಎಲುಬು ಕಾಣುವಂಥ ಶರೀರ. ಕೆಲವರು ಭಿಕ್ಷೆಯಲ್ಲಿ ಪಳಗಿದವರು. ಕೆಲವರು ಮೊದಲು ಸುಖದಲ್ಲಿ ಬೆಳೆದು, ಈಗ ಉಳಿದವರನ್ನು ಹೀನವಾಗಿ ಕಾಣುವವರು. ಹತ್ತರಲ್ಲಿ ಒಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ. ಊರಿನವರು ರೋಮನ್ ಕಥೋಲಿಕರು, ಈತನು ಪ್ರೊಟೆಸ್ಟಂಟನು. ಊರನ್ನು ಸುಟ್ಟವರ ಪಕ್ಷದ ಸರಕಾರವು ಕಳುಹಿಸಿದವನು ಬೇರೆ. ಆದಕಾರಣ ಯಾರಿಗೂ ನಂಬಿಕೆಯಿರಲಿಲ್ಲ. ಪುಸ್ತಕಗಳಿರಲಿಲ್ಲ, ಕಲಿಸುವ ಉಪಕರಣಗಳಿರಲಿಲ್ಲ.

ಪೆಸ್ಟಲೋಜಿಯು ಬುದ್ಧಿವಾದದಿಂದ ಪ್ರಾರಂಭಿಸಲಿಲ್ಲ. ತನ್ನ ಕೈಯಿಂದ ಅವರ ಮೈ ತೊಳೆದನು, ಹುಣ್ಣುಗಳನ್ನು ಶುಚಿಮಾಡಿದನು, ಅವರು ಉಂಡದ್ದನ್ನೇ ಉಂಡನು, ಅವರ ನಡುವೆಯೇ ಮಲಗಿದನು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುವನು. ರಾತ್ರಿ ಎಲ್ಲರಿಗಿಂತ ಕಡೆಗೆ ಮಲಗುವನು. ಅವರಿಗೆ ನಿದ್ರೆ ಬರುವ ತನಕ ಹಾಸಿಗೆಯಲ್ಲಿದ್ದುಕೊಂಡೇ ಪ್ರಾರ್ಥನೆ ಮಾಡುತ್ತಲೂ ಪಾಠ ಹೇಳುತ್ತಲೂ ಇರುವನು. ಒಂದಿಷ್ಟು ಕಲಿತ ಮಗುವು ತನಗಿಂತ ಚಿಕ್ಕವರಿಗೆ ಅದನ್ನು ಕಲಿಸುವಂತೆ ಏರ್ಪಡಿಸಿದನು. ಅದರಿಂದ ಬಲ್ಲವರಿಗೆ ಜಂಬ ಬರಲಿಲ್ಲ. ಅಣ್ಣಂದಿರೂ ಅಕ್ಕಂದಿರೂ ಇರುವ ಮನೆಯಂತೆ ಶಾಲೆ ನಡೆಯಿತು. ತಪ್ಪು ಮಾಡಿದವರನ್ನು ಕೆಲವು ವೇಳೆ ಹೊಡೆದದ್ದೂ ಉಂಟು. ಅದನ್ನು ಆತನು ಮರೆಮಾಡಲಿಲ್ಲ, ನಾವೂ ಮರೆಮಾಡುವುದಿಲ್ಲ. ದಯೆ ಎಂಬ ಶಬ್ದವನ್ನು ವಿವರಿಸುವುದಕ್ಕಿಂತ ಮುಂಚೆ ಮಗುವು ದಯೆಯನ್ನು ಅನುಭವಿಸಬೇಕು. ಅನಂತರ ತಾನೇ ದಯೆಯ ಕೆಲಸವನ್ನು ಮಾಡಿ ಅಭ್ಯಾಸಮಾಡಬೇಕು. ಕಟ್ಟಕಡೆಗೆ, ತಾನು ಉಂಡದ್ದನ್ನೂ ಮಾಡಿದ್ದನ್ನೂ ಕುರಿತು ಆಲೋಚಿಸುವಾಗ, ಮಾತು ಬರಬೇಕು. ಇದೇ ಆತನ ಕ್ರಮ. ನಮ್ಮಲ್ಲಿ ಅನೇಕರು ಈ ಮೂರು ಮೆಟ್ಟಿಲುಗಳನ್ನು ತಲೆಕೆಳಗೆ ಮಾಡಿ, ಕಡೆಯದನ್ನು ಮೊದಲು ಹತ್ತಲು ಮಕ್ಕಳಿಗೆ ಹೇಳುವುದುಂಟು.

ಸ್ಟಾನ್ಸಿನಲ್ಲಿ ನಡೆದ ಎರಡು ಸಂಗತಿಗಳನ್ನು ಇಲ್ಲಿ ವಿಶೇಷವಾಗಿ ಹೇಳುತ್ತೇವೆ. ಯುದ್ಧದ ದೆಸೆಯಿಂದ ಗ್ರೌಬ್ಯುಂಡನ್ ಪ್ರಾಂತದಿಂದ ಓಡಿಬಂದ ಕೆಲವರು ಆ ಮಾರ್ಗವಾಗಿ ಹೋಗುತ್ತಾ, ಅನಾಥ ಮಕ್ಕಳಿಗೆಂದು ಕೆಲವು ಬೆಳ್ಳಿಯ ನಾಣ್ಯಗಳನ್ನು ಕಣ್ಣೀರಿನೊಡನೆ ಪೆಸ್ಟಲೋಜಿಯ ಕೈಯಲ್ಲಿಟ್ಟರು. ಆತನು ಅವರನ್ನು ಹಾಗೆಯೇ ಹೋಗಗೊಡಿಸದೆ ಮಕ್ಕಳನ್ನೆಲ್ಲಾ ಕರೆದನು. ಇವರು ಮನೆಮಾರು ಬಿಟ್ಟು ಓಡಿಬಂದವರು; ನಾಳೆ ತಮಗೆ ಎಲ್ಲಿ ನೆಲೆ ಸಿಕ್ಕೀತೆಂಬುದನ್ನು ಅರಿಯದವರು; ಆದರೂ ತಮ್ಮ ಕೊರತೆಯಲ್ಲಿಯೇ ನಿಮಗೆ ಕೊಟ್ಟಿದ್ದಾರೆ, ಬಂದು ವಂದಿಸಿರಿ ಎಂದು ಹೇಳಿದನು. ಮಕ್ಕಳ ಮನಸ್ಸು ಕರಗಿದ್ದನ್ನು ಕಂಡು ಆ ದೊಡ್ಡವರೂ ಅತ್ತರು. ಕೃತಜ್ಞತೆಯೆಂದರೆ ಬಂದ ವಸ್ತುವನ್ನು ಎಣಿಸುವುದಲ್ಲ, ಕೊಟ್ಟವನ ಕಷ್ಟವನ್ನು ತಿಳಿಯುವುದು ಎಂಬುದನ್ನು ಆ ಮಕ್ಕಳು ಆ ದಿನ ಕಲಿತರು.

ಎರಡನೆಯದು ಇನ್ನೂ ದೊಡ್ಡದು. 1799ರ ಏಪ್ರಿಲ್ ತಿಂಗಳಲ್ಲಿ ನೆರೆಯ ಪ್ರಾಂತದ ಆಲ್ಟ್‌ಡಾರ್ಫ್ ಎಂಬ ಪಟ್ಟಣವು ಬೆಂಕಿಯಿಂದ ಸುಟ್ಟುಹೋಯಿತು. ಪೆಸ್ಟಲೋಜಿಯು ಮಕ್ಕಳನ್ನು ಸುತ್ತಲೂ ಕೂಡಿಸಿ, ಅಲ್ಲಿ ಎಷ್ಟೋ ಮಕ್ಕಳು ಈ ಹೊತ್ತಿಗೆ ಮನೆಯೂ ಅನ್ನವೂ ಬಟ್ಟೆಯೂ ಇಲ್ಲದೆ ಇರಬಹುದು. ಅವರಲ್ಲಿ ಇಪ್ಪತ್ತು ಮಂದಿಯನ್ನು ನಮ್ಮ ಮನೆಗೆ ಕರೆಯಲು ಸರಕಾರವನ್ನು ಬೇಡಿಕೊಳ್ಳೋಣವೇ ಎಂದು ಕೇಳಿದನು. ಮಕ್ಕಳೆಲ್ಲರೂ ಒಂದೇ ಉಸಿರಿನಲ್ಲಿ ಹೌದೆಂದರು. ಸಾಧಾರಣ ಉಪಾಧ್ಯಾಯನು ಅಲ್ಲಿಗೆ ಸಂತೋಷಪಟ್ಟು ಸುಮ್ಮನಾಗುತ್ತಿದ್ದನು. ಪೆಸ್ಟಲೋಜಿಯು ಆ ಹೌದನ್ನು ಅಷ್ಟು ಸುಲಭವಾಗಿ ಅಂಗೀಕರಿಸಲಿಲ್ಲ. ಚೆನ್ನಾಗಿ ಯೋಚಿಸಿರಿ, ನಮ್ಮಲ್ಲಿ ಹಣ ಕಡಿಮೆ, ಅವರಿಗೋಸ್ಕರ ಹೆಚ್ಚು ಹಣ ಬರುವುದೆಂಬ ನಿಶ್ಚಯವಿಲ್ಲ, ಅವರು ಬಂದರೆ ನೀವು ಹೆಚ್ಚು ದುಡಿಯಬೇಕಾದೀತು, ಕಡಿಮೆ ಉಣ್ಣಬೇಕಾದೀತು, ಉಟ್ಟ ಬಟ್ಟೆಯನ್ನೂ ಹಂಚಿಕೊಳ್ಳಬೇಕಾದೀತು, ಅದಕ್ಕೆ ಮನಸ್ಸುಳ್ಳವರಾದರೆ ಮಾತ್ರ ಅವರು ಬರಲೆಂದು ಹೇಳಿರಿ ಎಂದನು. ತಾನು ಹೇಳಿದ್ದನ್ನು ಅವರ ಬಾಯಿಂದಲೇ ತಿರುಗಿ ಹೇಳಿಸಿ, ಅವರಿಗೆ ತಿಳಿದಿದೆಯೆಂಬುದನ್ನು ಗಟ್ಟಿಮಾಡಿಕೊಂಡನು. ಮಕ್ಕಳು ಹಿಂಜರಿಯಲಿಲ್ಲ. ಕಡಿಮೆ ಉಂಡರೂ ಹೆಚ್ಚು ದುಡಿದರೂ ಚಿಂತೆಯಿಲ್ಲ, ಅವರು ಬರಲಿ ಎಂದು ಬೇಡಿಕೊಂಡರು.

ಹೀಗೆ ಹೇಳಿದವರು ಯಾರು? ನಾಲ್ಕು ತಿಂಗಳ ಹಿಂದೆ ಒಂದು ತುಂಡು ರೊಟ್ಟಿಗಾಗಿ ಬೀದಿಯಲ್ಲಿ ಕೈಯೊಡ್ಡುತ್ತಿದ್ದ ಮಕ್ಕಳು. ಬಡವರಿಗೆ ಸಹಾಯಮಾಡುವುದು ಇದ್ದವರ ಕೆಲಸವೆಂದು ಲೋಕವು ಎಣಿಸುತ್ತದೆ. ಪೆಸ್ಟಲೋಜಿಯು ಬಡವರನ್ನೇ ಕೊಡುವವರನ್ನಾಗಿ ಮಾಡಿ, ಅವರಿಗೆ ಮನುಷ್ಯರ ಪೂರ್ಣ ಮಾನವನ್ನು ತಂದುಕೊಟ್ಟನು. ದೇವಾಲಯದ ಬೊಕ್ಕಸದಲ್ಲಿ ಎರಡು ಕಾಸುಗಳನ್ನು ಹಾಕಿದ ವಿಧವೆಯ ಸಂಗತಿಯನ್ನು ಬಾಲ್ಯದಿಂದ ಕೇಳಿರುವ ನಮಗೆ ಇದರ ಬೆಲೆ ತಿಳಿಯದೆ ಇರಲಾರದು.

ಈ ಮನೆಯೂ ಬಾಳಲಿಲ್ಲ. ಅದೇ 1799ರ ಜೂನ್ ತಿಂಗಳಲ್ಲಿ ಫ್ರೆಂಚ್ ಸೈನ್ಯದವರಿಗೆ ಆಸ್ಪತ್ರೆಗಾಗಿ ಕಟ್ಟಡವು ಬೇಕಾಯಿತು. ಮಕ್ಕಳಲ್ಲಿ ಬಹುಮಂದಿ ಚದರಿಹೋದರು. ಐದು ತಿಂಗಳೂ ತುಂಬಿರಲಿಲ್ಲ. ಪೆಸ್ಟಲೋಜಿಯು ರಕ್ತ ಕಾರುವಷ್ಟು ಬಳಲಿ, ವಿಶ್ರಾಂತಿಗಾಗಿ ಬೆಟ್ಟಗಳ ಕಡೆಗೆ ಹೋದನು. ಸ್ವಲ್ಪ ಕಾಲದಲ್ಲಿ ಬುರ್ಗ್‌ಡಾರ್ಫ್ ಎಂಬ ಊರಿಗೆ ಬಂದು, ಒಬ್ಬ ಚಮ್ಮಾರನು ನಡಿಸುತ್ತಿದ್ದ ಬಡವರ ಶಾಲೆಯಲ್ಲಿ ಎಳೆಯ ಮಕ್ಕಳಿಗೆ ಕಲಿಸಲು ಅಪ್ಪಣೆ ಪಡೆದನು. ಯೂರೋಪಿನಲ್ಲೆಲ್ಲಾ ಹೆಸರಾದ ಗ್ರಂಥಕರ್ತನು ಹೀಗೆ ಅಕ್ಷರಮಾಲೆಯ ತರಗತಿಗೆ ಇಳಿದನು. ಆತನಿಗೆ ಅದು ಇಳಿಯುವುದಾಗಿ ತೋರಲಿಲ್ಲ. ಮುಂದೆ ಅಲ್ಲಿನ ಕೋಟೆಯಲ್ಲಿ ಆತನ ವಿದ್ಯಾಶಾಲೆ ನಡೆಯಿತು. 1801ರಲ್ಲಿ ಆತನು ಪ್ರಕಟಿಸಿದ ಗ್ರಂಥದಲ್ಲಿ, ಪ್ರೀತಿ, ನಂಬಿಕೆ, ಕೃತಜ್ಞತೆ ಇವು ಮಗುವಿನಲ್ಲಿ ಮೊದಲು ಮೊಳೆಯುವುದು ತಾಯಿಯ ಮಡಿಲಲ್ಲಿ. ಅಳುವಾಗ ಎತ್ತಿಕೊಂಡು ಹಸಿವನ್ನು ತೀರಿಸಿದ ಆ ಕೈಯಿಂದಲೇ ಮಗುವು ಮನುಷ್ಯರನ್ನೂ ಮನುಷ್ಯರ ಮೂಲಕ ದೇವರನ್ನೂ ಪ್ರೀತಿಸಲು ಕಲಿಯುತ್ತದೆ ಎಂದು ತೋರಿಸಿದನು.

1805ರಿಂದ 1825ರ ವರೆಗೆ ಇವೆರ್ಡನ್ ಪಟ್ಟಣದ ಕೋಟೆಯಲ್ಲಿದ್ದ ಆತನ ಶಾಲೆಗೆ ನಾನಾ ದೇಶದವರು ಬಂದರು. ಶಿಶುವಿಹಾರಗಳ ಮೂಲಪುರುಷನಾದ ಫ್ರೋಬೆಲನು ಅಲ್ಲಿ ಇದ್ದು ಕಲಿತನು. 1806ರಲ್ಲಿ ಅಲ್ಲಿಯೇ ಬಾಲಿಕೆಯರಿಗೂ ಒಂದು ವಿದ್ಯಾಶಾಲೆ ಸ್ಥಾಪಿತವಾಯಿತು. ರೊಸೆಟ್ ಕಾಸ್ತೊಫರ್ ಎಂಬಾಕೆ ಅದನ್ನು ಬಹು ವರ್ಷ ನಡಿಸಿದಳು. ಹೆಣ್ಣುಮಕ್ಕಳ ಶಾಲೆಗೆ ಸೇರಿದ ನಾವು ಇದನ್ನು ಸಂತೋಷದಿಂದ ನೆನೆಯುತ್ತೇವೆ. ಆದರೆ ಧನಿಕರ ಮಕ್ಕಳು ತುಂಬಿದ ಆ ಕೋಟೆಯಲ್ಲಿ ಪೆಸ್ಟಲೋಜಿಯ ಹೃದಯಕ್ಕೆ ಸಮಾಧಾನವಿರಲಿಲ್ಲ. ತನ್ನ ಗ್ರಂಥಗಳ ಸಮಗ್ರ ಮುದ್ರಣದಿಂದ ಬರುವ ಹಣವನ್ನು ನಂಬಿ 1818ರಲ್ಲಿ, ಎಪ್ಪತ್ತು ದಾಟಿದ ಪ್ರಾಯದಲ್ಲಿ, ಸಮೀಪದ ಕ್ಲಿಂಡಿ ಎಂಬಲ್ಲಿ ಪುನಃ ಬಡಮಕ್ಕಳ ಶಾಲೆಯನ್ನು ತೆರೆದನು. ಅದೂ ಬೇಗನೆ ಪ್ರತ್ಯೇಕವಾಗಿ ನಿಲ್ಲಲಾರದೆ ಹೋಯಿತು. ಸಹಾಯಕರು ತಮ್ಮತಮ್ಮೊಳಗೆ ಜಗಳವಾಡಿ ದೊಡ್ಡ ಶಾಲೆಯನ್ನೂ ಕೆಡಿಸಿದರು.

ಮಹಾತ್ಮರ ಚರಿತ್ರೆಯಲ್ಲಿ ದೋಷಗಳನ್ನು ಬಿಟ್ಟು ಬರೆಯುವುದು ಸುಲಭ. ಆದರೆ ಅದು ಸತ್ಯವಲ್ಲ. ಪೆಸ್ಟಲೋಜಿಗೆ ಲೆಕ್ಕಪತ್ರವನ್ನು ಇಡಲು ತಿಳಿಯದು. ಜನರನ್ನು ಆಳಲು ಬಾರದು. ತನ್ನ ಒಬ್ಬನೇ ಮಗನಾದ ಯಾಕೋಬನನ್ನು, ಆಗ ಪ್ರಸಿದ್ಧವಾಗಿದ್ದ ರೂಸೋ ಎಂಬವನ ಗ್ರಂಥದ ಪ್ರಕಾರ ಬೆಳೆಸಲು ಹೋಗಿ, ಕೆಲವು ಸಾರಿ ಅತಿ ಕಠಿಣನಾಗಿಯೂ ಕೆಲವು ಸಾರಿ ಅತಿ ಸಡಿಲನಾಗಿಯೂ ನಡೆದುಕೊಂಡನು. ಆ ಮಗನು ಮೂರ್ಛೆರೋಗದಿಂದ ನರಳಿ 1801ರಲ್ಲಿ ತೀರಿಕೊಂಡನು. ಸಾವಿರಾರು ಮಕ್ಕಳ ತಂದೆಯೆನಿಸಿದವನಿಗೆ ಈ ನೋವು ಕಡೆಯವರೆಗೂ ಮಾಸಲಿಲ್ಲ. ಹೆತ್ತವರಾದ ನಮಗೆ ಇದರಲ್ಲಿ ಎಚ್ಚರಿಕೆಯೂ ಉಂಟು, ಸಮಾಧಾನವೂ ಉಂಟು. ಯಾಕಂದರೆ ತಪ್ಪು ಮಾಡದೆ ಮಕ್ಕಳನ್ನು ಸಾಕಿದವರು ಯಾರೂ ಇಲ್ಲ. ತಪ್ಪಿನ ಮೇಲೆಯೂ ಪ್ರೀತಿಯನ್ನು ಬಿಡದವನು ಕಲಿಯುತ್ತಾನೆ.

ಆತನ ಕೊನೆಯ ದಿನಗಳಲ್ಲಿ ನಡೆದ ಒಂದು ಸಂಗತಿಯು ನಮ್ಮ ಸೀಮೆಗೂ ಸಂಬಂಧಪಟ್ಟದ್ದು. ಬಾಸೆಲಿನ ಸ್ಪಿಟ್ಲರ್ ಎಂಬ ಭಕ್ತನು 1815ರಲ್ಲಿ ಬಾಸೆಲ್ ಮಿಶನನ್ನು ಸ್ಥಾಪಿಸಿದವರಲ್ಲಿ ಒಬ್ಬನು. 1834ರಲ್ಲಿ ಮಂಗಳೂರಿಗೆ ಬಂದು ಕನ್ನಡ ನಾಡಿನಲ್ಲಿ ಶಾಲೆಗಳನ್ನೂ ಛಾಪಖಾನೆಯನ್ನೂ ನಡಿಸಿದ ಮಿಶನ್ ಅದೇ. ಅದೇ ಸ್ಪಿಟ್ಲರನು ಸೆಲ್ಲರ್ ಎಂಬ ಉಪಾಧ್ಯಾಯನೊಡನೆ 1820ರಲ್ಲಿ ರೈನ್ ನದಿಯ ದಡದ ಬಾಯ್ಗನ್ ಎಂಬಲ್ಲಿ ಬಡಮಕ್ಕಳ ಶಾಲೆಯನ್ನು ತೆರೆದನು. 1826ರಲ್ಲಿ ಪೆಸ್ಟಲೋಜಿಯು ಅಲ್ಲಿಗೆ ಹೋದಾಗ, ತಾನು ಆಯುಷ್ಯವೆಲ್ಲಾ ಬಯಸಿದ ಕೆಲಸವು ಬೇರೆಯವರ ಕೈಯಲ್ಲಿ ನೆಲೆಗೊಂಡದ್ದನ್ನು ಕಂಡನು. ಮಕ್ಕಳು ಹಾಡಿ, ಓಕ್ ಎಲೆಗಳ ಮಾಲೆಯನ್ನು ಆತನಿಗೆ ತೊಡಿಸಲು ಬಂದರು. ಮುದುಕನು ಕಣ್ಣೀರಿಡುತ್ತಾ ಅದನ್ನು ಒಪ್ಪದೆ, ಅದು ತನಗಲ್ಲ, ಮಕ್ಕಳ ನಿಷ್ಕಪಟತನಕ್ಕೆ ಸಲ್ಲತಕ್ಕದ್ದೆಂದು ಹೇಳಿದನು.

1827ನೆಯ ಇಸವಿ ಫೆಬ್ರವರಿ 17ನೆಯ ತಾರೀಖಿನಲ್ಲಿ ಬ್ರುಗ್ ಎಂಬ ಊರಿನಲ್ಲಿ ಪೆಸ್ಟಲೋಜಿಯು ಕಣ್ಣು ಮುಚ್ಚಿದನು. ಆಗ ಆತನಿಗೆ 81 ವರ್ಷ. ಬಿರ್ ಹಳ್ಳಿಯ ಶಾಲೆಯ ಬಳಿಯಲ್ಲಿ ಆತನ ದೇಹವನ್ನು ಹೂಳಿಟ್ಟರು. ಹುಟ್ಟಿ ನೂರು ವರ್ಷವಾದ 1846ರಲ್ಲಿ, ಆ ಸೀಮೆಯವರು ಹಳ್ಳಿಯ ಹೊಸ ಶಾಲೆಯ ಗೋಡೆಯಲ್ಲಿಯೇ ಆತನ ಸ್ಮಾರಕವನ್ನು ಕಟ್ಟಿ, ಆತನು ದುಡಿದ ಊರುಗಳ ಹೆಸರುಗಳನ್ನು ಅದರಲ್ಲಿ ಕೆತ್ತಿಸಿದರು. ಮುಚ್ಚಿಹೋದ ಮನೆಗಳೇ ಆತನ ಕೀರ್ತಿಸ್ತಂಭಗಳಾದವು.

ಪ್ರಿಯ ಸಹೋದರಿಯರೇ, ತಾಯಿತಂದೆಗಳೇ, ಈ ಚರಿತ್ರೆಯಿಂದ ನಾವು ಮನೆಗೆ ಒಯ್ಯತಕ್ಕದ್ದು ಇಷ್ಟು. ಸುಗ್ಗಿಯ ಸ್ತೋತ್ರಾರಾಧನೆಯ ದಿನ ಮಗುವಿನ ಕೈಯಲ್ಲಿ ನಾವು ಒಂದು ನಾಣ್ಯವನ್ನಿಟ್ಟು, ಅದನ್ನು ಕಾಣಿಕೆಯ ಪೆಟ್ಟಿಗೆಯಲ್ಲಿ ಹಾಕೆಂದು ಹೇಳಿದರೆ, ಕೊಟ್ಟವರು ನಾವು. ಮಗುವು ಹೊತ್ತುಕೊಂಡು ಹೋದದ್ದು ಮಾತ್ರ. ಅದಕ್ಕಿಂತ, ಅದು ತನ್ನ ತಿಂಡಿಯಲ್ಲಿ ಒಂದು ಪಾಲನ್ನು ತಾನಾಗಿ ಉಳಿಸಲಿ. ಉಳಿಸಿದರೆ ತನಗೆ ಕಡಿಮೆಯಾಗುವುದೆಂಬುದನ್ನು ಮೊದಲೇ ತಿಳಿದುಕೊಳ್ಳಲಿ. ಮನೆಗೆ ಯಾರಾದರೂ ಏನನ್ನಾದರೂ ತಂದುಕೊಟ್ಟಾಗ, ಅದರ ಹಿಂದಿನ ದುಡಿಮೆಯನ್ನು ಮಗುವಿಗೆ ತೋರಿಸೋಣ. ಬಡವರ ಮಗುವು ನಮ್ಮಿಂದ ತೆಗೆದುಕೊಳ್ಳುವಾಗ, ಅದು ಕೂಡ ಬೇರೊಬ್ಬರಿಗೆ ಕೊಡುವಂಥ ಸಂದರ್ಭವನ್ನು ಒದಗಿಸೋಣ. ಎಲ್ಲಕ್ಕೂ ಮೊದಲು, ನಾವು ಹೇಳುವ ದಯೆಯನ್ನು ಮಗುವು ನಮ್ಮ ಕೈಯಲ್ಲಿ ಕಾಣಲಿ; ಮನೆಯ ಕೆಲಸದವಳೊಡನೆ ನಾವು ಆಡುವ ಮಾತಿನಲ್ಲಿ ಅದನ್ನು ಕೇಳಲಿ. ಪೆಸ್ಟಲೋಜಿಯ ಮೊದಲನೆಯ ಗುರುವೂ ಒಬ್ಬ ಕೆಲಸದವಳೇ ಎಂಬುದನ್ನು ಮರೆಯದಿರೋಣ. ಸ್ಟಾನ್ಸಿನ ಮಕ್ಕಳಿಗೆ ಕಡಿಮೆ ಉಂಡಾದರೂ ಹಂಚಿಕೊಳ್ಳುವ ಮನಸ್ಸನ್ನು ಕೊಟ್ಟ ಕರ್ತನು, ನಮ್ಮ ಮಕ್ಕಳಿಗೂ ಅವರಿಗಿಂತ ಮೊದಲು ನಮಗೂ ಅದನ್ನು ಅನುಗ್ರಹಿಸಲಿ.